ಆರ್ಕಿಡ್ ಎಲೆ ಬಾಡಿದರೆ ಮೊದಲು ಬೇರು ನೋಡಿ

"ಹೂ ಉದುರಿದ ಮೇಲೆ ಎಲೆಯೆಲ್ಲ ಜೋತುಬಿತ್ತು. ನೀರು ಜಾಸ್ತಿ ಮಾಡಿದ್ವಿ, ಆದ್ರೂ ಚೇತರಿಸಿಕೊಳ್ಳಲಿಲ್ಲ." ಫೆಲನಾಪ್ಸಿಸ್ ಎಂಬ ಜಾತಿಯ ಆರ್ಕಿಡ್‌ನ ಕುಂಡ ಹಿಡಿದು ನರ್ಸರಿಗೆ ಬರುವವರಲ್ಲಿ ಹೆಚ್ಚಿನವರು ಹೇಳುವುದು ಇದನ್ನೇ. ಗೃಹಪ್ರವೇಶಕ್ಕೋ ಹುಟ್ಟುಹಬ್ಬಕ್ಕೋ ಉಡುಗೊರೆಯಾಗಿ ಬಂದ ಗಿಡ ಅದು. ಎಲೆ ಬಾಡಿದರೆ ನೀರು ಬೇಕು ಎನ್ನುವುದು ತುಳಸಿ, ದಾಸವಾಳ ಸಾಕಿದವರ ಅನುಭವ. ಆರ್ಕಿಡ್‌ನಲ್ಲಿ ಬೇರು ಒಣಗಿದರೂ ಎಲೆ ಬಾಡುತ್ತದೆ, ಬೇರು ಕೊಳೆತರೂ ಬಾಡುತ್ತದೆ. ಕೊಳೆತ ಬೇರಿಗೆ ಮತ್ತೆ ನೀರು ಸುರಿದರೆ ಉಳಿದದ್ದೂ ಹೋಗುತ್ತದೆ. ಹಾಗಾಗಿ ನಾನು ಮೊದಲು ಗಿಡವನ್ನು ಕುಂಡದಿಂದ ಹೊರಗೆ ತೆಗೆಯುತ್ತೇನೆ.

ಎಷ್ಟೋ ಸಲ ಬುಡದ ನಡುವೆ ಒತ್ತೊತ್ತಾಗಿ ತುಂಬಿದ ಪಾಚಿಯ (ಮಾಸ್) ಉಂಡೆ ಸಿಗುತ್ತದೆ. ಸಸಿ ಚಿಕ್ಕದಿದ್ದಾಗ ಬೆಳೆಗಾರರು ಕಟ್ಟಿದ್ದು. ಮೇಲಿನ ತೊಗಟೆಚೂರು ಒಣಗಿದ್ದರೂ ಈ ಉಂಡೆಯನ್ನು ಹಿಂಡಿದರೆ ನೀರು ತೊಟ್ಟಿಕ್ಕುತ್ತದೆ. ಅದರೊಳಗಿನ ಬೇರನ್ನು ಬೆರಳಲ್ಲಿ ಒತ್ತಿ ನೋಡಿ. ಮೆತ್ತಗಿದ್ದು, ಎಳೆದಾಗ ಕಂದು ಸಿಪ್ಪೆ ಕೈಗೆ ಬಂದು ಒಳಗಿನ ನಾರು ಮಾತ್ರ ಉಳಿದರೆ ಆ ಬೇರು ಸತ್ತಿದೆ, ಕತ್ತರಿಸಿ. ಗಟ್ಟಿಯಾಗಿದ್ದರೆ, ಬಣ್ಣ ಸ್ವಲ್ಪ ಹಳದಿಯಾಗಿದ್ದರೂ, ಬಿಡಿ. ಕತ್ತರಿಯನ್ನು ಮೊದಲು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಬೇಕು.

ಫೆಲನಾಪ್ಸಿಸ್ ಕಾಡಿನಲ್ಲಿ ಹೆಚ್ಚಾಗಿ ಮರದ ಕೊಂಬೆ ಹಿಡಿದು ಬೆಳೆಯುವ ಗಿಡ. ಬಂದಳಿಕೆಯ ಹಾಗೆ ಮರದ ಸಾರ ಹೀರುವುದಿಲ್ಲ, ಆಸರೆ ಮಾತ್ರ ಪಡೆಯುತ್ತದೆ. ಬೇರಿನ ಸುತ್ತ ವೆಲಮೆನ್ ಎಂಬ ಸ್ಪಂಜಿನಂಥ ಪದರ ಇರುತ್ತದೆ. ಮಳೆ ಬಂದಾಗ ಅದು ನಿಮಿಷಗಳಲ್ಲಿ ನೀರು ಹೀರಿಕೊಳ್ಳುತ್ತದೆ, ಆಮೇಲೆ ಗಾಳಿಗೆ ಆರುತ್ತದೆ. ಸದಾ ಒದ್ದೆಯಾಗಿಟ್ಟರೆ ಒಳಗಿನ ಬೇರಿಗೆ ಉಸಿರಾಡಲು ಗಾಳಿ ಸಿಗದೆ ಕೊಳೆಯುತ್ತದೆ. ಈ ಪದರವೇ ನಮಗೆ ಬೇಕಾದ ಸೂಚನೆಯನ್ನೂ ಕೊಡುತ್ತದೆ: ನೀರು ಕುಡಿದ ಬೇರು ಹಸಿರು, ಆರಿದ ಬೇರು ಬೆಳ್ಳಿಬೂದು. ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿ ಇದು ಹೊರಗಿನಿಂದಲೇ ಕಾಣುತ್ತದೆ. ಬೂದಿಬಣ್ಣಕ್ಕೆ ತಿರುಗಿದ ಮೇಲೆ ಬೆಳಗಿನ ಹೊತ್ತು ನೀರು ಹಾಕಿ, ಪೂರ್ತಿ ಬಸಿದುಹೋಗಲಿ. ವಾರಕ್ಕೊಂದು ಸಲ ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಏಪ್ರಿಲ್‌ನಲ್ಲಿ ಮೂರ್ನಾಲ್ಕು ದಿನಕ್ಕೇ ಒಣಗುವ ಕುಂಡ ಜುಲೈನ ಜಡಿಮಳೆಯಲ್ಲಿ ಹತ್ತು ದಿನವಾದರೂ ಒಣಗದೆ ಇರಬಹುದು.

ಮತ್ತೆ ನೆಡಲು ಮಣ್ಣು ಬೇಡವೇ ಬೇಡ. ಕಟ್ಟಿಗೆ ಇದ್ದಿಲು, ಪೈನ್ ತೊಗಟೆ, ತೆಂಗಿನ ಮಟ್ಟೆಯ ತುಂಡು ಸಾಕು. ಮಟ್ಟೆಯನ್ನು ನೆನೆಹಾಕಿ ಎರಡು ಮೂರು ಸಲ ನೀರು ಬದಲಿಸಿ, ಉಪ್ಪಿನಂಶ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಮಿಶ್ರಣ ಬದಲಿಸಬೇಕು, ಅಷ್ಟರಲ್ಲಿ ಅದು ಪುಡಿಯಾಗಿ ನೀರು ಹಿಡಿಯತೊಡಗಿರುತ್ತದೆ.

ಕಾಡಿನಲ್ಲಿ ಫೆಲನಾಪ್ಸಿಸ್ ಓರೆಯಾಗಿ ಜೋತುಬಿದ್ದಿರುವುದರಿಂದ ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಲ್ಲುವುದಿಲ್ಲ. ಕುಂಡದಲ್ಲಿ ನಾವದನ್ನು ನೆಟ್ಟಗೆ ನಿಲ್ಲಿಸುತ್ತೇವೆ. ಸುಳಿಗೆ ನೀರು ಬಿದ್ದರೆ ಟಿಶ್ಯೂ ಕಾಗದದಿಂದ ಒತ್ತಿ ತೆಗೆಯಿರಿ. ಸುಳಿ ಕೊಳೆತ ಗಿಡ ಉಳಿಯುವುದು ಬಹಳ ಅಪರೂಪ. ಬೆಂಗಳೂರಿನ ಬೋರ್‌ವೆಲ್ ನೀರು ಹಲವೆಡೆ ಗಡುಸು, ಬೇರಿನ ತುದಿ ಕರಟುತ್ತದೆ. ಮಳೆನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ.

ಗೊಬ್ಬರ ಕಡಿಮೆಯಿದ್ದಷ್ಟೂ ಒಳ್ಳೆಯದು: ಹೊಸ ಎಲೆ ಬರುವ ಕಾಲದಲ್ಲಿ ಸಾರಜನಕ, ರಂಜಕ, ಪೊಟ್ಯಾಶ್ ಸಮವಾಗಿರುವ 19:19:19 ಗೊಬ್ಬರ ಅರ್ಧ ಗ್ರಾಮನ್ನು ಒಂದು ಲೀಟರ್ ನೀರಿಗೆ ಬೆರೆಸಿ ಹದಿನೈದು ದಿನಕ್ಕೊಮ್ಮೆ.

ಹೂವಿಗೆ ಮುಖ್ಯವಾಗಿ ಬೇಕಾದ್ದು ಬೆಳಕು ಮತ್ತು ತಂಪು. ಪೂರ್ವದ ಕಿಟಕಿ ಒಳ್ಳೆಯದು. ಎಲೆ ಕಡುಹಸಿರಾಗಿ ಚೆನ್ನಾಗಿ ಕಂಡರೂ ವರ್ಷಗಟ್ಟಲೆ ಹೂ ಬಿಡದಿದ್ದರೆ ಬೆಳಕು ಸಾಲುತ್ತಿಲ್ಲ. ಬೆಂಗಳೂರು, ಮೈಸೂರಿನ ಚಳಿಗಾಲದಲ್ಲಿ ರಾತ್ರಿ 20 ಡಿಗ್ರಿಗಿಂತ ಕೆಳಗಿಳಿಯುವುದರಿಂದ ಫೆಲನಾಪ್ಸಿಸ್ ಹೂದಂಟು ಸುಲಭವಾಗಿ ಹೊರಡುತ್ತದೆ. ಮಂಗಳೂರಿನ ಸೆಕೆಯಲ್ಲಿ ಅದು ಕಷ್ಟ. ಕರಾವಳಿಯವರಿಗೆ ನಾನು ಹೇಳುವುದು ಡೆಂಡ್ರೋಬಿಯಂ ಇಲ್ಲವೇ ವಾಂಡಾ ಜಾತಿಯ ಆರ್ಕಿಡ್. ಡೆಂಡ್ರೋಬಿಯಂನ ಎಲೆ ಉದುರಿದ ಹಳೆಯ ದಂಟನ್ನು ಮಾತ್ರ ಕತ್ತರಿಸಬೇಡಿ. ಹೊಸ ಚಿಗುರಿಗೆ ಬೇಕಾದ ಆಹಾರ, ನೀರು ಅದರಲ್ಲೇ ಇರುತ್ತದೆ.

ಮಲೆನಾಡಿನ ಕಡೆಯವರು ಅಲ್ಲಿನ ಕಾಡು ಆರ್ಕಿಡ್ ಸೀತಾಳೆ ದಂಡೆ ಸಾಕಬಹುದೇ ಎಂದು ಕೇಳುತ್ತಾರೆ. ಸಾಕಬಹುದು, ಆದರೆ ಕಾಡಿನ ಮರದಿಂದ ಕಿತ್ತು ತರಬೇಡಿ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಅದರಲ್ಲಿ ಆಹಾರದ ಸಂಗ್ರಹವೇ ಇರುವುದಿಲ್ಲ. ಕಾಡಿನಲ್ಲಿ ತಕ್ಕ ಶಿಲೀಂಧ್ರ ಜೊತೆಗೂಡಿದರೆ ಮಾತ್ರ ಮೊಳೆತು, ಹೂ ಬಿಡಲು ವರ್ಷಗಳೇ ಹಿಡಿಯುತ್ತದೆ. ನಿಮ್ಮ ತೋಟದಲ್ಲೇ ಗಾಳಿಮಳೆಗೆ ಮುರಿದುಬಿದ್ದ ಕೊಂಬೆಯಲ್ಲಿ ಗಿಡ ಸಿಕ್ಕಿದರೆ ಕೊಂಬೆಯ ತುಂಡಿನ ಸಮೇತ ಹಲಸಿನ ಮರಕ್ಕೋ ಮಾವಿನ ಮರಕ್ಕೋ ಕಟ್ಟಿ. ಬೆಳಗಿನ ಬಿಸಿಲು ಬೀಳುವ ಕಡೆಗೆ, ಬಾಳೆನಾರಿನಲ್ಲಿ, ಅಲುಗಾಡದ ಹಾಗೆ. ಹೊಸ ಬೇರು ತೊಗಟೆಗೆ ಅಂಟುವಷ್ಟರಲ್ಲಿ ನಾರು ತಾನೇ ಕಳಚಿಬೀಳುತ್ತದೆ.