ಮರ ಉಳಿಸೋಕೆ ದುಡ್ಡಿದೆ, ಶೌಚಾಲಯ ತೊಳೆಸೋಕೆ ಯಾರು ಕೊಡ್ತಾರೆ?

2011ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಒಂದು ಪಟ್ಟಿ ಹೊರಡಿಸಿತು. ರಾಜ್ಯದ 278 ಸ್ಟೇಟ್ ಪಾರ್ಕ್‌ಗಳಲ್ಲಿ (ರಾಜ್ಯ ಸರ್ಕಾರ ನೋಡಿಕೊಳ್ಳುವ ಕಾಡು, ಕಡಲತೀರ, ಸ್ಮಾರಕಗಳು) 70ಕ್ಕೆ 2012ರ ಜುಲೈ ಹೊತ್ತಿಗೆ ಬೀಗ ಬೀಳುತ್ತದೆ ಎಂದಿತು. ಕಾರಣ, ಬಜೆಟ್‌ನಲ್ಲಿ 2.2 ಕೋಟಿ ಡಾಲರ್ ಕಡಿತ. ಆ ರಾಜ್ಯದ ಬಜೆಟ್ ಗಾತ್ರದ ಮುಂದೆ ಇದು ಚಿಲ್ಲರೆ ಕಾಸು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡಿಗರು ಶನಿವಾರ ಪುಳಿಯೋಗರೆ ಕಟ್ಟಿಕೊಂಡು ಹತ್ತುವ ಸಾರಟೋಗಾ ಊರಿನ ಮೇಲಿನ ಬೆಟ್ಟದ ಪಾರ್ಕ್ ಕ್ಯಾಸಲ್ ರಾಕ್ ಕೂಡ ಆ ಪಟ್ಟಿಯಲ್ಲಿತ್ತು.

ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಸರ್ಕಾರ–ಖಾಸಗಿ ಸಹಭಾಗಿತ್ವ. ಹೊಸ ಔಷಧಿ ಸಿಕ್ಕಿತು ಎಂಬಂತೆ ಮಾತಾಡಿದರು. ನಿಜ ಹೇಳಬೇಕೆಂದರೆ ಇದು ಹೊಸದೇನಲ್ಲ. ಅಲ್ಲಿನ ಪಾರ್ಕ್‌ಗಳು ಹುಟ್ಟಿದ್ದೇ ಹೀಗೆ.

1900ರಲ್ಲಿ ಸ್ಯಾನ್ ಹೊಸೆಯ ಆಂಡ್ರ್ಯೂ ಹಿಲ್ ಎಂಬ ಫೋಟೋಗ್ರಾಫರ್ ಫೆಲ್ಟನ್ ಊರಿನ ಹತ್ತಿರ ಮುಗಿಲೆತ್ತರದ ರೆಡ್‌ವುಡ್ ಮರಗಳ ಚಿತ್ರ ತೆಗೆದರು. ಆ ತೋಪು ಖಾಸಗಿಯವರದ್ದು. ಮಾಲೀಕ ಬಂದು ನೆಗೆಟಿವ್ ಕೊಡು ಎಂದು ಜಗಳಕ್ಕೆ ನಿಂತ. ಹಿಲ್ ಕೊಡಲಿಲ್ಲ. ಇಂಥ ಮರಗಳು ಜನರ ಸ್ವತ್ತಾಗಬೇಕು ಎಂದು ಹಟ ಹಿಡಿದರು. ಅದೇ ವರ್ಷದ ಮೇ ತಿಂಗಳಲ್ಲಿ ಅವರೂ ಇನ್ನು ಕೆಲವರೂ ಬಿಗ್ ಬೇಸಿನ್ ಕಾಡಿಗೆ ಹೋಗಿ ಬಿಡಾರ ಹೂಡಿ, ಸೆಂಪರ್‌ವೈರೆನ್ಸ್ ಕ್ಲಬ್ ಕಟ್ಟಿದರು. ಟೋಪಿ ತಿರುಗಿಸಿ ವಂತಿಗೆ ಎತ್ತಿದರು. ಸಿಕ್ಕಿದ್ದು 32 ಡಾಲರ್. ಆದರೆ ಬೆನ್ನು ಬಿಡದೆ ಸರ್ಕಾರದಿಂದ 2.5 ಲಕ್ಷ ಡಾಲರ್ ಮಂಜೂರು ಮಾಡಿಸಿದರು. 1902ರಲ್ಲಿ ಬಿಗ್ ಬೇಸಿನ್ ಪಾರ್ಕ್ ಆಯಿತು.

1918ರಲ್ಲಿ ಸೇವ್ ದಿ ರೆಡ್‌ವುಡ್ಸ್ ಲೀಗ್ ಬಂತು. ಮರ ಕಡಿಯುವ ಕಂಪನಿಗಳಿಂದ ಕಾಡು ಕೊಂಡು ಸರ್ಕಾರಕ್ಕೆ ಒಪ್ಪಿಸುವುದು ಅವರ ದಾರಿ. 1928ರಲ್ಲಿ ಮತದಾರರು ಪಾರ್ಕ್‌ಗಳಿಗಾಗಿ 60 ಲಕ್ಷ ಡಾಲರ್ ಬಾಂಡ್‌ಗೆ, ಅಂದರೆ ಸರ್ಕಾರ ಸಾಲ ಎತ್ತುವುದಕ್ಕೆ, ಒಪ್ಪಿಗೆ ಕೊಟ್ಟರು. ಷರತ್ತು ಒಂದೇ: ಸರ್ಕಾರ ಹಾಕುವಷ್ಟೇ ದುಡ್ಡು ಅಥವಾ ಭೂಮಿ ಹೊರಗಿನಿಂದಲೂ ಬರಬೇಕು. ಎಣ್ಣೆ ಕುಬೇರ ರಾಕೆಫೆಲ್ಲರ್ ಮನೆತನದಿಂದ 20 ಲಕ್ಷ ಡಾಲರ್ ಬಂದು ಉತ್ತರದ ಹಂಬೋಲ್ಟ್ ಕೌಂಟಿಯ ದೊಡ್ಡ ಕಾಡು ಉಳಿಯಿತು. ದುಡ್ಡು ಕೊಟ್ಟವರು ತಮಗೆ ಬೇಕಾದವರ ಹೆಸರನ್ನು ಒಂದು ತೋಪಿಗೆ ಇಡಿಸಬಹುದಿತ್ತು. 1921ರಲ್ಲಿ ಮೊದಲ ತೋಪಿಗೆ ಮೊದಲ ಮಹಾಯುದ್ಧದಲ್ಲಿ ಸತ್ತ ಕರ್ನಲ್ ಬೋಲಿಂಗ್ ಹೆಸರು ಬಂತು.

ನಮ್ಮೂರ ದೇವಸ್ಥಾನದ ಫ್ಯಾನ್ ರೆಕ್ಕೆ ಮೇಲೆ ದಾನಿಗಳ ಹೆಸರು ಬರೆದಿರುತ್ತಾರಲ್ಲ, ಹಾಗೆ. ಫ್ಯಾನ್ ಕೊಡಿಸುವವರು ಸಿಗುತ್ತಾರೆ. ತಿಂಗಳು ತಿಂಗಳು ಕರೆಂಟ್ ಬಿಲ್ ಕಟ್ಟುವವರು ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದ ಸಮಸ್ಯೆ ಇರುವುದೂ ಇಲ್ಲೇ. ಕಾಡು ಕೊಳ್ಳೋಕೆ ದಾನಿಗಳಿದ್ದರು. ಚರಂಡಿ, ಶೌಚಾಲಯ, ರೇಂಜರ್ ಸಂಬಳ ಸರ್ಕಾರದ ತಲೆಗೇ ಉಳಿದವು. ಪಾರ್ಕ್‌ಗಳು ಜಾಸ್ತಿ ಆದವು, ರಿಪೇರಿ ಮುಂದಕ್ಕೆ ಹೋಯಿತು. ಮುಂದೂಡಿದ ರಿಪೇರಿಯ ಲೆಕ್ಕವೇ 100 ಕೋಟಿ ಡಾಲರ್ ದಾಟಿತು.

ಹೆಸರಿಡುವುದಕ್ಕೂ ಒಂದು ಅಡ್ಡಪರಿಣಾಮ ಇದೆ ಅನ್ನಿ. ಲೀಗ್ ಕಟ್ಟಿದವರಲ್ಲಿ ಒಬ್ಬರಾದ ಮ್ಯಾಡಿಸನ್ ಗ್ರಾಂಟ್ ಜನಾಂಗ ಶ್ರೇಷ್ಠತೆಯ ಪ್ರಚಾರಕರೂ ಆಗಿದ್ದರು. ಅವರ ನೆನಪಿನ ಕಲ್ಲನ್ನು 2021ರಲ್ಲಿ ಕಿತ್ತು ತೆಗೆಯಬೇಕಾಯಿತು.

2008ರಲ್ಲಿ ಗವರ್ನರ್ ಶ್ವಾರ್ಜ್‌ನೆಗರ್ 48 ಪಾರ್ಕ್ ಮುಚ್ಚುವ ಮಾತೆತ್ತಿದರು, ಮರುವರ್ಷ 220. ಗಲಾಟೆ ಆಗಿ ಎರಡೂ ಸಲ ನಿಂತಿತು. 2010ರಲ್ಲಿ ಮತದಾರರ ಮುಂದೆ ನೇರ ಪ್ರಶ್ನೆ ಬಂತು: ಪ್ರತಿ ವಾಹನಕ್ಕೆ ವರ್ಷಕ್ಕೆ 18 ಡಾಲರ್ ಕೊಡಿ, ಪಾರ್ಕ್ ಪ್ರವೇಶ ಉಚಿತ. ಜನ ಬೇಡ ಎಂದರು. ಪಾರ್ಕ್ ಬೇಕು, ತೆರಿಗೆ ಬೇಡ. ಇದಾದ ಮೇಲೇ ಗವರ್ನರ್ ಜೆರ್ರಿ ಬ್ರೌನ್ ಕಾಲದ ಆ 70ರ ಪಟ್ಟಿ ಬಂದಿದ್ದು.

2011ರ ಅಕ್ಟೋಬರ್‌ನಲ್ಲಿ ಶಾಸಕ ಜೇರೆಡ್ ಹಫ್‌ಮನ್ ತಂದ ಎಬಿ 42 ಎಂಬ ಮಸೂದೆ ಕಾನೂನಾಯಿತು. ಲಾಭಕ್ಕೆ ನಡೆಯದ ಸಂಘಗಳು ಇಡೀ ಪಾರ್ಕನ್ನೇ ನಡೆಸಬಹುದು, ಹೆಚ್ಚೆಂದರೆ 20 ಪಾರ್ಕ್. ಜಮೀನು ಸರ್ಕಾರದ್ದೇ. ಆದರೆ ನಡೆಸುವ ಸಂಘಕ್ಕೆ ಸರ್ಕಾರದ ಖಜಾನೆಯಿಂದ ದುಡ್ಡು ಇಲ್ಲ.

ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಸೋನೋಮಾದ ಜ್ಯಾಕ್ ಲಂಡನ್ ಪಾರ್ಕ್ ಮೊದಲು ಕೈಬದಲಾಯಿತು. ಅದು ಲೇಖಕ ಜ್ಯಾಕ್ ಲಂಡನ್ ಅವರ ಹೊಲ. ವಾಸಕ್ಕೆ ಬರುವ ಮೊದಲೇ, 1913ರಲ್ಲಿ, ಸುಟ್ಟುಹೋದ ಅವರ ಕನಸಿನ ಮನೆಯ ಕಲ್ಲುಗೋಡೆ ಇನ್ನೂ ನಿಂತಿದೆ. 2012ರ ಮೇಯಲ್ಲಿ ಊರಿನ ಸಂಘವೊಂದು ಅದನ್ನು ವಹಿಸಿಕೊಂಡಿತು. ಪಾರ್ಕಿಂಗ್ ಶುಲ್ಕ, ದೇಣಿಗೆ, ಮದುವೆ ಬಾಡಿಗೆ, ಗೈಡ್ ಕೆಲಸಕ್ಕೆ ಸ್ವಯಂಸೇವಕರು. ಹಳೆಯ ವೈನರಿಯ ಪಾಳುಗೋಡೆಗಳ ನಡುವೆ ಹಲವು ಬೇಸಿಗೆ ಸಂಗೀತ ನಾಟಕಗಳು ನಡೆದವು. ಟಿಕೆಟ್ ದುಡ್ಡಿನಲ್ಲಿ ಒಂದು ಪಾಲು ಪಾರ್ಕಿಗೆ. ಸುಮ್ನೆ ಬೀಗ ಹಾಕುವುದಕ್ಕಿಂತ ಇದು ಸಾವಿರ ಪಾಲು ಮೇಲು ಎಂದೇ ನನ್ನ ಲೆಕ್ಕ.

ಅಷ್ಟರಲ್ಲಿ ಬಾಂಬ್ ಬಿತ್ತು. 2012ರ ಜುಲೈನಲ್ಲಿ ಪಾರ್ಕ್ ಇಲಾಖೆಯ ಎರಡು ನಿಧಿಗಳಲ್ಲಿ ಯಾರಿಗೂ ಹೇಳದ 5.4 ಕೋಟಿ ಡಾಲರ್ ಇರುವುದು ಗೊತ್ತಾಯಿತು. ಸುಮಾರು 2 ಕೋಟಿ ಡಾಲರ್ ಪಾರ್ಕ್‌ಗಳ ನಿಧಿಯದ್ದು, ಉಳಿದದ್ದು ಆಫ್‌ರೋಡ್ (ಕಾಡುದಾರಿಯಲ್ಲಿ ಓಡಿಸುವ) ವಾಹನಗಳ ನಿಧಿಯದ್ದು. ಇಲಾಖೆಯ ಮುಖ್ಯಸ್ಥೆ ರೂತ್ ಕೋಲ್ಮನ್ ರಾಜೀನಾಮೆ ಕೊಟ್ಟರು. ಮುಂದಿನ ವರ್ಷ ಅಟಾರ್ನಿ ಜನರಲ್ ಕಚೇರಿಯ ತನಿಖೆ ಹೇಳಿದ್ದು ಇನ್ನೂ ವಿಚಿತ್ರ. ಲೆಕ್ಕದ ಈ ವ್ಯತ್ಯಾಸ ಶುರುವಾಗಿದ್ದು 1990ರ ದಶಕದಲ್ಲೇ. ಯಾರೂ ಜೇಬಿಗೆ ಇಳಿಸಿರಲಿಲ್ಲ. ಇದೆ ಅಂದರೆ ಬಜೆಟ್ ಕಡಿಮೆ ಮಾಡುತ್ತಾರೆ ಎಂಬ ಹೆದರಿಕೆಗೆ ಅಧಿಕಾರಿಗಳು ಬಾಯಿ ಮುಚ್ಚಿಕೊಂಡಿದ್ದರು!

ಊರೂರಲ್ಲಿ ಡಬ್ಬಿ ಹಿಡಿದು ದುಡ್ಡು ಎತ್ತಿದ್ದ ಸಂಘಗಳ ಮುಖ ಹೇಗಾಗಿರಬೇಡ? ದಾನಿಗಳಿಗೆ ಏನಂತ ಉತ್ತರ ಕೊಡುವುದು? 2012ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಕಾನೂನು ಬಂತು: ಎರಡು ವರ್ಷ ಯಾವ ಪಾರ್ಕನ್ನೂ ಮುಚ್ಚುವಂತಿಲ್ಲ. ಸಂಘಗಳು ಎತ್ತಿದ ದುಡ್ಡಿಗೆ ಸಮ ಹಾಕಲು 1 ಕೋಟಿ ಡಾಲರ್ ತೆಗೆದಿಟ್ಟರು. ಅದೇ 1928ರ ಸೂತ್ರ.

ಸಂಘದ ಜಾಗದಲ್ಲಿ ಲಾಭದ ಕಂಪನಿ ಬಂದರೆ ಲೆಕ್ಕವೇ ಬೇರೆ. ಇದಕ್ಕೆ ಉದಾಹರಣೆ ಸ್ಟೇಟ್ ಪಾರ್ಕ್ ಅಲ್ಲ, ಕೇಂದ್ರ ಸರ್ಕಾರದ ಯೊಸೆಮಿಟಿ. ಅಲ್ಲಿ ಹೋಟೆಲ್ ನಡೆಸುತ್ತಿದ್ದ ಡೆಲವೇರ್ ನಾರ್ತ್ ಕಂಪನಿಯ ಗುತ್ತಿಗೆ ಇನ್ನೊಬ್ಬರ ಪಾಲಾದಾಗ, ಹೆಸರುಗಳ ಟ್ರೇಡ್‌ಮಾರ್ಕ್ ನಮ್ಮದು ಎಂದು ಅದು ಪಟ್ಟು ಹಿಡಿಯಿತು. 1927ರಿಂದ ಇದ್ದ ಅವಾನೀ ಹೋಟೆಲ್ 2016ರಲ್ಲಿ ಮೆಜೆಸ್ಟಿಕ್ ಯೊಸೆಮಿಟಿ ಹೋಟೆಲ್ ಆಯಿತು. 2019ರಲ್ಲಿ 1.2 ಕೋಟಿ ಡಾಲರ್‌ಗೆ ರಾಜಿ ಆದ ಮೇಲೆ ಹಳೆ ಹೆಸರು ವಾಪಸ್ ಬಂತು. ಗುತ್ತಿಗೆ ಬರೆಯುವಾಗ ಹೆಸರು ಯಾರದ್ದು ಎಂದೂ ಬರೆಸಬೇಕು, ಅಲ್ವಾ?

ಆ 70ರಲ್ಲಿ ಬಹುತೇಕ ಎಲ್ಲವೂ ಉಳಿದವು. ಆದರೆ ಸಹಭಾಗಿಗಳು ಬೇಗ ಸಿಕ್ಕಿದ್ದು ಸೋನೋಮಾ, ಬೇ ಏರಿಯಾದಂಥ ಅನುಕೂಲಸ್ಥ ಜಾಗಗಳಲ್ಲಿ. ಮೊಹಾವಿ ಮರುಭೂಮಿಯ ಮಿಚೆಲ್ ಕ್ಯಾವರ್ನ್ಸ್ ಗುಹೆಗಳ ಸುತ್ತ ಊರೇ ಇಲ್ಲ, ಸಂಘ ಎಲ್ಲಿಂದ ಬರಬೇಕು? 2011ರ ಜನವರಿಯಲ್ಲೇ ಅದಕ್ಕೆ ಬೀಗ ಬಿದ್ದಿತ್ತು. ಕಾವಲಿಲ್ಲದ ಜಾಗಕ್ಕೆ ಕಳ್ಳರು ನುಗ್ಗಿ ತಾಮ್ರದ ವೈರ್ ಕಿತ್ತುಕೊಂಡು ಹೋದರು. ರಿಪೇರಿ ಮುಗಿದು ಬಾಗಿಲು ತೆರೆದಿದ್ದು 2017ರ ನವೆಂಬರ್‌ನಲ್ಲಿ.