ಬರವೂ ಅದೇ ಊರಿಗೆ, ಹೊಳೆಯೂ ಅದೇ ಊರಿಗೆ: ವಿಪತ್ತು ಮತ್ತು ಜೀವನೋಪಾಯದ ಮೇಲೊಂದು ಟಿಪ್ಪಣಿ

ಗ್ರಾಮೀಣಾಭಿವೃದ್ಧಿ ವಿಷಯ ಓದುತ್ತಿರುವ ಗೆಳೆಯರಿಗೆ ಇದು. ಆಪತ್ತು, ಅದರ ದಾರಿಯಲ್ಲಿರುವ ಜನ ಮತ್ತು ಆಸ್ತಿ, ಅವರ ದುರ್ಬಲತೆ: ಈ ಮೂರೂ ಸೇರಿದಾಗ ಅಪಾಯ ಎಂದು ಪುಸ್ತಕಗಳು ಹೇಳುತ್ತವೆ. ಬಾಯಿಪಾಠ ಮಾಡುವ ಬದಲು 2019ರಲ್ಲಿ ಅಥಣಿ, ಜಮಖಂಡಿ ಭಾಗದ ಹೊಳೆಸಾಲಿನ ಹಳ್ಳಿಗಳಲ್ಲಿ ಏನಾಯಿತು ನೋಡಿ. ಆ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಕೊಯ್ನಾ ಅಣೆಕಟ್ಟಿನಿಂದ ನೀರು ಬಿಡಿ ಎಂದು ಕರ್ನಾಟಕವು ಮಹಾರಾಷ್ಟ್ರವನ್ನು ಕೇಳಬೇಕಾಯಿತು. ಆಗಸ್ಟ್‌ನಲ್ಲಿ ಅದೇ ಕೃಷ್ಣೆ ಮನೆಯೊಳಗೆ ಬಂತು.

ಇಲ್ಲಿನ ನೆರೆಗೆ ಇಲ್ಲಿ ಮಳೆಯಾಗಬೇಕೆಂದಿಲ್ಲ. ಮಳೆ ಬೀಳುವುದು ಮಹಾಬಳೇಶ್ವರದ ಘಟ್ಟದಲ್ಲಿ, ಖಾನಾಪುರದ ಕಣಕುಂಬಿಯಲ್ಲಿ. ಮುಳುಗುವುದು ಒಣ ಸೀಮೆ. ಹಾಗಾಗಿ ಮೋಡ ನೋಡಿ ಊರು ಎಚ್ಚರಗೊಳ್ಳಲಾರದು. ಕೃಷ್ಣೆಗೆ ಕೊಯ್ನಾ, ಘಟಪ್ರಭೆಗೆ ಹಿಡಕಲ್, ಮಲಪ್ರಭೆಗೆ ನವಿಲುತೀರ್ಥ ಅಣೆಕಟ್ಟು, ಎಲ್ಲೆಲ್ಲಿಂದ ಎಷ್ಟು ನೀರು ಬಿಟ್ಟರು ಎಂಬುದೇ ನಿಜವಾದ ಮುನ್ಸೂಚನೆ. ಆದರೆ 'ಇಷ್ಟು ಲಕ್ಷ ಕ್ಯುಸೆಕ್' ಎಂದರೆ ದನ ಬಿಚ್ಚಬೇಕೋ ಬೇಡವೋ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಇಷ್ಟು ನೀರು ಬಿಟ್ಟರೆ ಯಾವ ಓಣಿಗೆ, ಎಷ್ಟು ತಾಸಿನಲ್ಲಿ ಬರುತ್ತದೆ ಎಂದು ಹಳೆಯ ನೆರೆಯ ಗುರುತು ಹಿಡಿದು ಪಂಚಾಯಿತಿ ಗೋಡೆಯ ಮೇಲೆ ಬರೆದಿಡಬೇಕು. ನನ್ನ ಮಟ್ಟಿಗೆ ಸಮುದಾಯ ಸಿದ್ಧತೆಯಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯೋಗದ ಕೆಲಸ ಇನ್ನೊಂದಿಲ್ಲ.

ಇನ್ನು ಜೀವನೋಪಾಯ. ಯಾವುದೇ ಪರಿಹಾರವನ್ನು ಬರೆಯುವ ಮುನ್ನ ಕೇಳಿಕೊಳ್ಳಿ: ಇದು ಬರಕ್ಕೋ, ನೆರೆಗೋ, ಎರಡಕ್ಕೂ ಆಗುತ್ತದೋ? 2014ರಲ್ಲಿ ಬಂದ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯ ಕೃಷಿಹೊಂಡ ವಿಜಯಪುರದ ಖುಷ್ಕಿ ಹೊಲದಲ್ಲಿ ಮಳೆ ಕೈಕೊಟ್ಟಾಗ ತೊಗರಿಗೆ ಒಂದೆರಡು ನೀರು ಕೊಟ್ಟು ಬೆಳೆ ಉಳಿಸುತ್ತದೆ. ಹೊಳೆದಂಡೆಯಲ್ಲಿ ಒಂದೇ ನೆರೆಗೆ ಹೂಳು ತುಂಬುತ್ತದೆ. ಹಿಂದಿನವರ ಹಗೇವು, ಅಂದರೆ ಕಾಳು ಕೂಡಿಡುವ ನೆಲದೊಳಗಿನ ಕುಣಿ, ಬರಗಾಲದ ಬುತ್ತಿ, ನೀರು ನುಗ್ಗಿದರೆ ಕಾಳೆಲ್ಲ ಕೊಳೆತ ಹಾಗೆ. ಕಬ್ಬು ಕೆಲವು ದಿನ ನೀರಲ್ಲಿ ನಿಂತರೂ ತಡೆದೀತು, ಬೇಸಿಗೆಯ ಬರಕ್ಕೆ ತಡೆಯದು.

ಎರಡೂ ಕಡೆ ನಿಲ್ಲುವ ಒಂದು ಬೆಳೆಯನ್ನು ಮಾತ್ರ ನಾವು ಹೆಚ್ಚು ಬರೆಯುವುದೇ ಇಲ್ಲ: ಎರೆ (ಕಪ್ಪು ಮಣ್ಣಿನ) ಹೊಲದ ಹಿಂಗಾರಿ ಬಿಳಿಜೋಳ, ಅದರ ಜೊತೆಗೆ ಕಡಲೆ, ಕುಸುಬೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿದರೆ ಮಣ್ಣಿನಲ್ಲಿ ಉಳಿದ ಹಸಿಯ ಮೇಲೆಯೇ ಬೆಳೆಯುತ್ತವೆ. ಆಗಸ್ಟ್‌ನಲ್ಲಿ ಮುಂಗಾರಿ ಹೋದವನಿಗೆ ಇದು ಎರಡನೆಯ ಅವಕಾಶ. ಜೋಳದ ದಂಟಿನ ಕಣಿಕೆ ದನಕ್ಕೂ ಆಯಿತು. ತೊಡಕು ಬೀಜದ್ದು. ಮನೆಯ ಜೊತೆಗೆ ಬೀಜವೂ ಮುಳುಗಿದರೆ ಬಿತ್ತುವುದೇನನ್ನು? ಆದ್ದರಿಂದ ಸ್ವಸಹಾಯ ಸಂಘಗಳ ಬೀಜ ಸಂಗ್ರಹ ಎತ್ತರದ ಜಾಗದಲ್ಲಿರಬೇಕು. ಹಾಗೆಂದು ಹಿಂಗಾರಿಯನ್ನೇ ಪೂರ್ತಿ ನಂಬುವಂತಿಲ್ಲ. 2009ರ ನೆರೆ ಸೆಪ್ಟೆಂಬರ್ ಕೊನೆಗೆ, ಬಿತ್ತನೆಯ ಹೊತ್ತಿಗೇ ಬಂತು.

ವಿಮೆಯ ಲೆಕ್ಕ ಚಿಕ್ಕದು. ಪ್ರಧಾನಮಂತ್ರಿ ಫಸಲ್ ಬಿಮಾ ಬೆಳೆ ವಿಮೆಯಲ್ಲಿ ಆಹಾರ ಮತ್ತು ಎಣ್ಣೆಕಾಳು ಬೆಳೆಗೆ ರೈತ ಕಟ್ಟುವ ಕಂತು ಹೆಚ್ಚೆಂದರೆ ವಿಮಾ ಮೊತ್ತದ ಮೇಲೆ ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5. ಆಲಿಕಲ್ಲು, ಜಲಾವೃತದಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ವಿಪತ್ತು ನಿಧಿಯ ಬೆಳೆ ಪರಿಹಾರಕ್ಕೆ ಹಾನಿ ಕನಿಷ್ಠ ಶೇ 33 ಇರಬೇಕು, ಸಿಗುವುದು 2 ಹೆಕ್ಟೇರ್‌ವರೆಗೆ. ಅದೂ ಉತಾರದಲ್ಲಿ (ಪಹಣಿಯಲ್ಲಿ) ಹೆಸರಿದ್ದವರಿಗೆ. ಬಾಯಿಮಾತಿನ ಲಾವಣಿಯಲ್ಲಿ (ಗೇಣಿಯಲ್ಲಿ) ಹೊಲ ಮಾಡುವವನು ಬೀಜ, ಗೊಬ್ಬರ ತನ್ನದೇ ಹಾಕಿದ್ದರೂ ದುಡ್ಡು ಹೋಗುವುದು ಮಾಲಕನ ಖಾತೆಗೆ. ದುರ್ಬಲತೆ ಎಂಬುದಕ್ಕೆ ಉದಾಹರಣೆ ಕೇಳಿದರೆ ನಾನು ಇದನ್ನೇ ಬರೆಯುತ್ತೇನೆ.

ಇನ್ನೊಂದು, ನೇಕಾರರದು. ಇಳಕಲ್, ಗುಳೇದಗುಡ್ಡದ ಕುಣಿಮಗ್ಗ ನೆಲದೊಳಗೇ ಇರುತ್ತದೆ, ಮೊಣಕಾಲುದ್ದ ನೀರು ಬಂದರೂ ಕೆಲಸ ನಿಂತಿತು. 2019ರಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಮಗ್ಗಗಳೂ ಮುಳುಗಿದವು. ಬೆಳೆ ವಿಮೆ ಇವರಿಗೆ ಸಂಬಂಧವೇ ಇಲ್ಲ. ಹಾಸು (ಮಗ್ಗದ ಉದ್ದೆಳೆ ನೂಲು) ಬಿಚ್ಚಿ ಮೇಲೆ ಸಾಗಿಸಲು ಒಂದು ದಿನದ ಮುನ್ಸೂಚನೆ, ಇಡಲು ಎತ್ತರದ ಸಮುದಾಯ ಭವನ, ನೀರು ಇಳಿದ ಮೇಲೆ ಸಾಲಕ್ಕೆ ಸೇರದ ನೂಲು: ಇಷ್ಟು ಸಿಕ್ಕರೆ ಗುಳೆ ಹೋಗುವ ಮೊದಲೇ ಮಗ್ಗ ಮತ್ತೆ ನಡೆಯುತ್ತದೆ.