ನಕಲಿ ಖಾತೆ ಹಿಡಿಯಲು ಎಲ್ಲರ ಗುರುತಿನ ಚೀಟಿ ಬೇಕಿಲ್ಲ

ನಕಲಿ ಖಾತೆಗಳ ಕಾಟ ಹೆಚ್ಚಿದ ಕೂಡಲೇ ಆನ್‌ಲೈನ್ ಸಮುದಾಯ ನಡೆಸುವವರು ನನ್ನ ಮುಂದಿಡುವ ಮೊದಲ ಸಲಹೆ: ಎಲ್ಲರ ಗುರುತಿನ ಚೀಟಿ ಕೇಳಿಬಿಡೋಣ. ದಕ್ಷಿಣ ಕೊರಿಯಾ ಈ ದಾರಿ ಹಿಡಿದು ನೋಡಿದೆ. ದೊಡ್ಡ ಜಾಲತಾಣಗಳಲ್ಲಿ ಬರೆಯುವವರು ಗುರುತು ಖಚಿತಪಡಿಸಲೇಬೇಕೆಂಬ ನಿಯಮ 2007ರಲ್ಲಿ ಅಲ್ಲಿ ಜಾರಿಗೆ ಬಂತು. 2011ರಲ್ಲಿ ನೇಟ್ ಮತ್ತು ಸೈವರ್ಲ್ಡ್ ತಾಣಗಳಿಗೆ ಕನ್ನ ಬಿದ್ದು ಸುಮಾರು 3.5 ಕೋಟಿ ಬಳಕೆದಾರರ ವಿವರ ಸೋರಿಹೋಯಿತು. ಮರುವರ್ಷ ಸಂವಿಧಾನ ನ್ಯಾಯಾಲಯ ಆ ನಿಯಮವನ್ನೇ ರದ್ದುಮಾಡಿತು.

ಖಾತೆ ಯಾರದೆಂದು ಕೆದಕುವ ಬದಲು ಅದು ಏನು ಮಾಡುತ್ತಿದೆ ಎಂದು ನೋಡಿ. ಒಂದೇ ಗಂಟೆಯಲ್ಲಿ ಹುಟ್ಟಿದ ಹತ್ತಾರು ಖಾತೆಗಳು ತಿಂಗಳುಗಟ್ಟಲೆ ಸುಮ್ಮನಿದ್ದು, ಒಂದೇ ದಿನ ಎಚ್ಚೆತ್ತು, ಒಂದೇ ಬರಹಕ್ಕೆ ಮೆಚ್ಚುಗೆ ಒತ್ತಿದರೆ ಅನುಮಾನಕ್ಕೆ ಅಷ್ಟು ಸಾಕು. ಅವು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ, ಹಳೆಯ ಸದಸ್ಯರ್ಯಾರೂ ಅವನ್ನು ಮಾತಿಗೆಳೆದಿರುವುದಿಲ್ಲ. ಇದನ್ನು ಕಾಣಲು ಯಾರ ಹೆಸರೂ ಬೇಡ. ಅಂತರ್ಜಾಲ ಸಂಪರ್ಕವನ್ನು ಗುರುತಿಸುವ ಸಂಖ್ಯೆಯಾದ ಐಪಿ ವಿಳಾಸವೊಂದನ್ನೇ ನೆಚ್ಚಿಕೊಳ್ಳುವಂತೆಯೂ ಇಲ್ಲ. ಮೊಬೈಲ್ ಜಾಲಗಳಲ್ಲಿ ಒಂದೇ ವಿಳಾಸವನ್ನು ಎಷ್ಟೋ ಮಂದಿ ಹಂಚಿಕೊಂಡಿರುತ್ತಾರೆ.

ಅನುಮಾನ ಬಂದೊಡನೆ ಖಾತೆ ಅಳಿಸುವವರಿಗೆ ಒಂದು ಲೆಕ್ಕ ಹೇಳುತ್ತೇನೆ. 1 ಲಕ್ಷ ಖಾತೆಗಳಲ್ಲಿ 1,000 ನಕಲಿ ಎಂದಿಟ್ಟುಕೊಳ್ಳಿ. ನಿಮ್ಮ ತಂತ್ರಾಂಶ ನಕಲಿ, ಅಸಲಿ ಎರಡನ್ನೂ ಶೇ. 99ರಷ್ಟು ಸರಿಯಾಗಿ ಗುರುತಿಸುತ್ತದೆ ಎನ್ನೋಣ. ಅದು 990 ನಕಲಿ ಖಾತೆ ಹಿಡಿಯುತ್ತದೆ. ಉಳಿದ 99,000 ಅಸಲಿ ಖಾತೆಗಳಲ್ಲಿ ಶೇ. 1ರಷ್ಟು, ಅಂದರೆ ಇನ್ನೊಂದು 990, ತಪ್ಪಾಗಿ ಸಿಕ್ಕಿಬೀಳುತ್ತವೆ. ಸಿಕ್ಕವರಲ್ಲಿ ಅರ್ಧದಷ್ಟು ಮಂದಿ ನಿರಪರಾಧಿಗಳು! ಆದ್ದರಿಂದ ಮೊದಲು ಆ ಖಾತೆಗಳು ಬರೆಯುವ ವೇಗ ತಗ್ಗಿಸಿ, ಅವುಗಳ ಮತಗಳನ್ನು ಎಣಿಕೆಯಿಂದ ಹೊರಗಿಡಿ, ಮನುಷ್ಯರೊಬ್ಬರು ಪರಿಶೀಲಿಸಲಿ, ಮೇಲ್ಮನವಿಗೆ ದಾರಿಯಿರಲಿ. ಕಿರುಕುಳ ಕೊಡುವ ಗಂಡನಿಂದ ತಪ್ಪಿಸಿಕೊಂಡು ಬೇರೆ ಹೆಸರಿನಲ್ಲಿ ಸಲಹೆ ಕೇಳಲು ಬಂದ ಹೆಣ್ಣುಮಗಳೂ ಆ ಪಟ್ಟಿಯಲ್ಲಿರಬಹುದು. ಬೇರೆ ಹೆಸರು ಇಟ್ಟುಕೊಂಡ ಮಾತ್ರಕ್ಕೆ ಆಕೆ ಮೋಸಗಾರ್ತಿಯಲ್ಲ, ಆಕೆಯ ಬಳಿ ದಾಖಲೆ ಕೇಳಿದರೆ ಆಕೆ ಮತ್ತೆ ಬರುವುದೂ ಇಲ್ಲ.

ಫೋನ್ ಸಂಖ್ಯೆ ಪಡೆಯಲೇಬೇಕಾದಾಗ 'ಹ್ಯಾಶ್ ಮಾಡಿ, ಅಂದರೆ ಮೂಲಕ್ಕೆ ಹಿಂತಿರುಗಿಸಲಾಗದ ಅಕ್ಷರಸಾಲಾಗಿ ಬದಲಿಸಿ ಇಟ್ಟಿದ್ದೇವೆ, ಭಯವಿಲ್ಲ' ಎನ್ನುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. 10 ಅಂಕಿಯ ಸಂಖ್ಯೆಗಳು ಹೆಚ್ಚೆಂದರೆ 1,000 ಕೋಟಿ. ಅಷ್ಟಕ್ಕೂ ಸಾಧಾರಣ ಹ್ಯಾಶ್ ಲೆಕ್ಕ ಹಾಕಿ ಹೋಲಿಸಿ ನೋಡುವುದು ಇಂದಿನ ಕಂಪ್ಯೂಟರಿಗೆ ದೊಡ್ಡ ಕೆಲಸವಲ್ಲ. ಗುಪ್ತ ಕೀಲಿ ಸೇರಿಸಿ ಹ್ಯಾಶ್ ಮಾಡಬೇಕು, ಆ ಕೀಲಿ ಬೇರೆಡೆ ಇರಬೇಕು.

ಇನ್ನು ಇಂಥ ವಿವರಗಳನ್ನು ಯಾರು, ಎಷ್ಟು ದಿನ ನೋಡಬಹುದು ಎಂಬ ವಿಚಾರ. ವಿಕಿಪೀಡಿಯಾದಲ್ಲಿ ಖಾತೆಗಳ ಐಪಿ ವಿವರ ನೋಡುವ ಅಧಿಕಾರ ಆಯ್ದ ಕೆಲವರಿಗೆ ಮಾತ್ರ. ಆ ವಿವರ ಅವರಿಗೆ ಸಿಗುವುದು 90 ದಿನ, ಯಾರು ಯಾರನ್ನು ಪರೀಕ್ಷಿಸಿದರು ಎಂಬುದೂ ದಾಖಲಾಗುತ್ತದೆ. ಸಣ್ಣ ಸಮುದಾಯಗಳೂ ಇಷ್ಟನ್ನು ಮಾಡಬಹುದು. ಆಗಲೂ ಕೆಲವು ನಕಲಿಗಳು ನುಸುಳುತ್ತವೆ. ಅದಕ್ಕೆಂದೇ ಹೊಸ ಖಾತೆಗಳಿಗೆ ಮೊದಲ ಕೆಲವು ವಾರ ಮತ ಹಾಕುವ, ಅಪರಿಚಿತರಿಗೆ ಖಾಸಗಿ ಸಂದೇಶ ಕಳಿಸುವ ಅವಕಾಶವನ್ನು ಮಿತವಾಗಿ ಕೊಡಿ ಎಂದು ಹೇಳುತ್ತೇನೆ.